ಅತಿಯಾಗಿ ಬೊಗಳುವ ನಾಯಿ

ನಾಯಿ ಬೊಗಳಿದರೆ ದೇವಲೋಕ ಹಾಳಾಗದು ಎಂಬುದು ನಮ್ಮಲ್ಲಿ ಪ್ರಚಲಿತವಾದ ಗಾದೆ. ದೇವಲೋಕಕ್ಕೆ ಹಾನಿಯಿಲ್ಲದಿರಬಹುದು, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗೂ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಕಾರ್ಮಿಕನಿಗೂ ಅದು ದೊಡ್ಡ ಉಪದ್ರವವೇ ಸರಿ. ಕೊನೆಗೆ ಅದರ ಫಲವನ್ನು ಅನುಭವಿಸುವುದು ನಾಯಿಯೇ. ಅದಕ್ಕೆ ಏಟು ಬೀಳುತ್ತದೆ. ಕೊರಳಿಗೆ ಹಗಲಿರುಳೂ ಸರಪಳಿ ಬೀಳುತ್ತದೆ. ಕೆಲವೊಮ್ಮೆ ಯಜಮಾನನು ಅದನ್ನು ದೂರದ ಬೀದಿಯಲ್ಲಿ ಬಿಟ್ಟು ಬರುವುದೂ ಉಂಟು. ಇಷ್ಟಾದರೂ ನಾಯಿಯು ಏಕೆ ಬೊಗಳಿತೆಂಬ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಆ ಪ್ರಶ್ನೆಯನ್ನು ನಾವು ಇಲ್ಲಿ ಕೇಳೋಣ. ಏಕೆಂದರೆ ಪರಿಹಾರವು ಅಡಗಿರುವುದು ಅದರ ಉತ್ತರದಲ್ಲಿಯೇ.

ನಾಯಿಯ ಪೂರ್ವಜ ತೋಳ. ಕನಿಷ್ಠ 15,000 ವರ್ಷಗಳಷ್ಟು ಹಿಂದೆಯೇ ತೋಳದ ಒಂದು ಕವಲು ಮನುಷ್ಯನ ಸಹವಾಸಕ್ಕೆ ಒಗ್ಗಿ ನಾಯಿಯಾಯಿತು. ತೋಳವೂ ಬೊಗಳಬಲ್ಲದು, ಆದರೆ ಬೆಳೆದ ತೋಳವು ಬೊಗಳುವುದು ಅಪರೂಪ, ಅದೂ ಹೆಚ್ಚಾಗಿ ಅಪಾಯದ ಸೂಚನೆ ಕೊಡುವಾಗ. ನಾಯಿಯಾದರೋ ಆಟದಲ್ಲಿ, ಭಯದಲ್ಲಿ, ಸಂತೋಷದಲ್ಲಿ, ಒಂಟಿತನದಲ್ಲಿ, ಹೀಗೆ ಎಲ್ಲ ಸಂದರ್ಭಗಳಲ್ಲಿಯೂ ಬೊಗಳುತ್ತದೆ.

ಈ ಬೊಗಳುಗಳೆಲ್ಲವೂ ಒಂದೇ ಬಗೆಯವಲ್ಲ. ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಪೇಟರ್ ಪೊಂಗ್ರಾಟ್ಸ್ ಮತ್ತು ಅವರ ಸಹೋದ್ಯೋಗಿಗಳು, ಮೂಡಿ ಎಂಬ ಕುರಿಕಾಯುವ ತಳಿಯ ನಾಯಿಗಳ ಬೊಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಅದರ ಫಲಿತಾಂಶವು 2005ರಲ್ಲಿ ಪ್ರಕಟವಾಯಿತು. ಎಂದೂ ನಾಯಿ ಸಾಕದವರು ಸಹ, ಬರಿಯ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಎಷ್ಟೋ ಹೆಚ್ಚು ಸಲ ಸಂದರ್ಭವನ್ನು ಸರಿಯಾಗಿ ಗುರುತಿಸಿದರು. ಅಪರಿಚಿತನ ಮೇಲೆ ಹರಿಹಾಯುವ ಬೊಗಳು ತಗ್ಗಿದ ಸ್ಥಾಯಿಯದು, ಒರಟು, ಒಂದರ ಹಿಂದೊಂದು ಬರುವಂಥದು. ಒಂಟಿಯಾಗಿ ಕಟ್ಟಿಹಾಕಿದ ನಾಯಿಯ ಬೊಗಳು ಏರಿದ ಸ್ಥಾಯಿಯದು, ಬಿಡಿಬಿಡಿಯಾದುದು.

ಆದರೆ ಸಹಜವಾದ ನಾಲ್ಕು ಬೊಗಳು ಮುಗಿಯದ ಬೊಗಳಾಟವಾಗಿ ಬೆಳೆಯುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ದಾರಿ ತೋರುತ್ತವೆ. ಅವರು ಹಸಿದ ಬೆಕ್ಕುಗಳನ್ನೂ ನಾಯಿಗಳನ್ನೂ ಪೆಟ್ಟಿಗೆಗಳಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟರು. ಪರದಾಡುವ ಪ್ರಾಣಿಯ ಕಾಲು ಆಕಸ್ಮಿಕವಾಗಿ ಅಗಳಿಗೆ ತಗುಲಿದಾಗ ಬಾಗಿಲು ತೆರೆಯುತ್ತಿತ್ತು. ಮತ್ತೆ ಮತ್ತೆ ಕೂಡಿದಂತೆಲ್ಲ ವ್ಯರ್ಥ ಚಲನೆಗಳು ಅಳಿದು, ಫಲ ಕೊಟ್ಟ ಚಲನೆಯೇ ಉಳಿಯಿತು. ಫಲ ಕೊಡುವ ವರ್ತನೆಯು ನೆಲೆಯೂರುತ್ತದೆ ಎಂಬ ಈ ತತ್ತ್ವಕ್ಕೆ ಪರಿಣಾಮ ನಿಯಮವೆಂದು ಹೆಸರು.

ಈ ನಿಯಮವನ್ನು ನಮ್ಮ ಮನೆಯ ಬಾಗಿಲಲ್ಲಿಯೇ ಕಾಣಬಹುದು. ಅಂಚೆಯವನು ಗೇಟಿನ ಬಳಿಗೆ ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಕಾಗದ ಹಾಕಿ ಹೊರಡುತ್ತಾನೆ. ಅವನು ಹೋದದ್ದು ಮುಂದಿನ ಮನೆಗೆ. ನಾಯಿಯ ಅನುಭವದಲ್ಲಿ ಮಾತ್ರ ತಾನು ಬೊಗಳಿದ್ದರಿಂದಲೇ ಅವನು ತೊಲಗಿದನು. ಪ್ರತಿದಿನವೂ ಗೆಲ್ಲುವ ಯೋಧನು ಯುದ್ಧವನ್ನೇಕೆ ಬಿಟ್ಟಾನು? ಊಟದ ವೇಳೆಯಲ್ಲಿ ಬೊಗಳಿದ ನಾಯಿಯ ಬಾಯಿ ಮುಚ್ಚಿಸಲೆಂದು ರೊಟ್ಟಿಯ ಚೂರೊಂದನ್ನು ಎಸೆದರೆ, ಅದು ಬೊಗಳಿದ್ದಕ್ಕೆ ಕೂಲಿಯೇ ಆಯಿತು. ದಿನವೆಲ್ಲ ಯಾರೂ ಮಾತನಾಡಿಸದ ನಾಯಿಗೆ ನಮ್ಮ ಬೈಗುಳವೂ ಕೂಲಿಯಾಗಬಲ್ಲದು. ಬೊಗಳಿದಾಗಲಾದರೂ ಯಜಮಾನನು ತನ್ನತ್ತ ತಿರುಗಿದನಲ್ಲ!

ಕೂಲಿಯನ್ನು ಒಮ್ಮೆ ಕೊಟ್ಟು ಒಮ್ಮೆ ತಪ್ಪಿಸುವುದು ಇನ್ನೂ ಕೆಟ್ಟದ್ದು. ಪಾರಿವಾಳಗಳ ಮೇಲೆ ಬಿ. ಎಫ್. ಸ್ಕಿನ್ನರ್ ಮತ್ತು ಇತರರು ನಡೆಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಯಿತು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಪಡೆದ ಹಕ್ಕಿಯು, ಕಾಳು ನಿಂತ ಮೇಲೆ ಬೇಗನೆ ಸುಮ್ಮನಾಯಿತು. ಆಗೊಮ್ಮೆ ಈಗೊಮ್ಮೆ ಪಡೆದ ಹಕ್ಕಿಯು ಬಹುಕಾಲ ಕುಕ್ಕುತ್ತಲೇ ಇತ್ತು. ತಂದೆ ಲಕ್ಷಿಸದೆ ಕುಳಿತಾಗ ಅಜ್ಜಿ ಮರುಗಿ ಬಿಸ್ಕತ್ತು ಕೊಡುವ ಮನೆಯಲ್ಲಿ ನಾಯಿಯ ಸ್ಥಿತಿಯೂ ಹೀಗೆಯೇ. ಆದುದರಿಂದ ಮನೆಯವರೆಲ್ಲರೂ ಒಂದೇ ಕ್ರಮವನ್ನು ಪಾಲಿಸಬೇಕು. ಕೂಲಿ ನಿಂತ ಮೊದಲ ದಿನಗಳಲ್ಲಿ ಬೊಗಳುವಿಕೆಯು ಹೆಚ್ಚಾಗುವುದೂ ಉಂಟು. ಆಗ ಸೋತು ಕೂಲಿ ಕೊಟ್ಟರೆ, ಇನ್ನೂ ಗಟ್ಟಿಯಾಗಿ ಬೊಗಳಬೇಕೆಂಬ ಪಾಠವನ್ನೇ ಕಲಿಸಿದಂತಾಗುತ್ತದೆ.

ಬೊಗಳಿಗೆ ದೊರೆಯುವ ಕೂಲಿಯನ್ನು ನಿಲ್ಲಿಸಿದರೆ ಸಾಲದು. ಮೌನಕ್ಕೆ ಕೂಲಿ ಕೊಡಬೇಕು. ನಾಯಿಯು ಉಸಿರೆಳೆದುಕೊಳ್ಳಲು ಎರಡು ಕ್ಷಣ ನಿಲ್ಲಿಸಿದೊಡನೆ "ಸಾಕು" ಎಂದು ಮೆಲ್ಲನೆ ಹೇಳಿ ತಿನಿಸು ಕೊಡಬೇಕು. ಕ್ರಮೇಣ ಐದು, ಹತ್ತು, ಇಪ್ಪತ್ತು ಸೆಕೆಂಡುಗಳ ಮೌನಕ್ಕೆ ಮಾತ್ರ ಕೊಡಬೇಕು. ಬೀದಿಯನ್ನು ಕಂಡು ಬೊಗಳುವ ನಾಯಿಗೆ ಗೇಟಿನ ಕೆಳಭಾಗವನ್ನು ಹಲಗೆಯಿಂದ ಮರೆಮಾಡಿದರೆ ಅರ್ಧ ಕೆಲಸ ಮುಗಿಯಿತು. ಕರೆಗಂಟೆಗೆ ಬೆದರುವ ನಾಯಿಗೆ, ಅದರ ಧ್ವನಿಮುದ್ರಣವನ್ನು ಮೊದಲು ಬಹಳ ಮೆಲ್ಲಗೆ ಕೇಳಿಸಿ, ಸುಮ್ಮನಿದ್ದಾಗ ತಿನಿಸಿತ್ತು, ದಿನದಿನಕ್ಕೆ ಸದ್ದನ್ನು ಸ್ವಲ್ಪವೇ ಏರಿಸುತ್ತ ಹೋಗಬಹುದು.

ಒಂಟಿತನದ ಭಯದಿಂದ ಬೊಗಳುವ ನಾಯಿಯ ವಿಷಯವು ಬೇರೆ. ಅದು ಕೂಲಿಗಾಗಿ ಬೊಗಳುತ್ತಿಲ್ಲ. ದಂಡಿಸಿದರೆ ಭಯವು ಇಮ್ಮಡಿಯಾಗುತ್ತದೆ. ಒಂದು ನಿಮಿಷ ಹೊರಗೆ ಹೋಗಿ, ಅದು ಕಳವಳಗೊಳ್ಳುವ ಮುನ್ನವೇ ಮರಳಿ, ಅಗಲಿಕೆಯ ಅವಧಿಯನ್ನು ನಿಧಾನವಾಗಿ ಬೆಳೆಸಬೇಕು. ಬೊಗಳಿದೊಡನೆ ಕೊರಳಿಗೆ ವಿದ್ಯುತ್ತಿನ ಆಘಾತ ಕೊಡುವ ಪಟ್ಟಿಗಳೂ ಇವೆ; ಅವು ಬಾಯಿ ಮುಚ್ಚಿಸಬಹುದು, ಭಯವನ್ನು ನೀಗಿಸಲಾರವು. ವೇಲ್ಸ್ ದೇಶವು ಇವುಗಳ ಬಳಕೆಯನ್ನು 2010ರಲ್ಲಿಯೇ ನಿಷೇಧಿಸಿತು. ಮುದಿ ನಾಯಿಯು ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ಬೊಗಳತೊಡಗಿದರೆ, ನೋವು, ಕಿವುಡುತನ ಅಥವಾ ಮಿದುಳಿನ ಕ್ಷೀಣತೆ ಕಾರಣವಿರಬಹುದು. ಆಗ ಪಶುವೈದ್ಯರನ್ನೇ ಕಾಣಬೇಕು.

ಸದಾ ಕಟ್ಟಿಹಾಕಿದ ನಾಯಿಗೆ ಬೊಗಳುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಅಂಥ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಬೆಳಗೂ ಸಂಜೆಯೂ ಅದನ್ನು ನಡೆದಾಡಿಸುವುದು ಮೊದಲ ಔಷಧ.

ನಾಯಿಯಿರುವ ಮನೆಯ ವಿದ್ಯಾರ್ಥಿಗಳು ಒಂದು ವಾರದ ಪ್ರಯೋಗವನ್ನು ಮಾಡಬಹುದು. ನಾಯಿ ಬೊಗಳಿದಾಗಲೆಲ್ಲ ವೇಳೆ, ಸ್ಥಳ, ಅದಕ್ಕೆ ಮುಂಚೆ ನಡೆದುದು, ಅನಂತರ ದೊರೆತುದು, ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಾರದ ಕೊನೆಗೆ ಕಡೆಯ ಕಲಮನ್ನು ಓದಿ ನೋಡಿ. ಕೂಲಿ ಕೊಡುತ್ತಿರುವವರು ಯಾರೆಂಬುದು ಅಲ್ಲಿ ತಿಳಿಯುತ್ತದೆ. ಬಹುಶಃ ಅವರು ಮನೆಯೊಳಗೇ ಇರುತ್ತಾರೆ.