ಬೈಕಿನ ಸೈಡ್ ಬಾಕ್ಸಿಗೆ ಮನೆಯಲ್ಲೇ ಬಣ್ಣ

ಬೈಕಿಗೆ ತಾವೇ ಬಣ್ಣ ಹೊಡೆಯಬೇಕೆಂದು ಹೊರಟವರ ಕಣ್ಣು ಮೊದಲು ಹೋಗುವುದು ಟ್ಯಾಂಕಿನ ಮೇಲೆ. ದಯವಿಟ್ಟು ಅದನ್ನು ಈಗಲೇ ಮುಟ್ಟಬೇಡಿ. ಟ್ಯಾಂಕ್ ನಾಲ್ಕೂ ಕಡೆ ಬಾಗಿರುತ್ತದೆ, ಒಳಗೆ ಪೆಟ್ರೋಲಿನ ಆವಿ ತುಂಬಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಕ್ಯಾನಿನ ಬಣ್ಣ ಪೆಟ್ರೋಲಿನ ಎದುರು ನಿಲ್ಲುವುದಿಲ್ಲ. ಬಂಕಿನಲ್ಲಿ ನಾಲ್ಕು ಹನಿ ಚೆಲ್ಲಿದರೂ ಮುಚ್ಚಳದ ಸುತ್ತ ಬಣ್ಣ ಮೆತ್ತಗಾಗಿ ಎದ್ದು ಬರುತ್ತದೆ.

ಕೈ ಪಳಗಿಸಲು ಸೈಡ್ ಬಾಕ್ಸಿನ ಮುಚ್ಚಳವೇ ಸರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳು ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಪಕ್ಕದ ಮುಚ್ಚಳ ಗಟ್ಟಿ ತಗಡಿನದು. ಸುಲಭವಾಗಿ ಕಳಚಿ ಬರುತ್ತದೆ, ಎಷ್ಟು ಉಜ್ಜಿದರೂ ತಡೆಯುತ್ತದೆ. ಬಣ್ಣ ಕೆಟ್ಟರೆ ಕೆರೆದು ಮತ್ತೆ ಹೊಡೆಯಬಹುದು. ಹೊಸ ಗಾಡಿಗಳ ಸೈಡ್ ಪ್ಯಾನಲ್ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಅದಾದರೆ ಒಳಬದಿಯಲ್ಲಿ ಅಚ್ಚಾಗಿರುವ ಅಕ್ಷರ ನೋಡಿ. ಎಬಿಎಸ್ ಎಂದಿದ್ದರೆ ನವಿರಾಗಿ ಉಜ್ಜಿ ಪ್ಲಾಸ್ಟಿಕ್ ಪ್ರೈಮರ್ ಹೊಡೆದರೆ ಬಣ್ಣ ಹಿಡಿಯುತ್ತದೆ. ಪಿಪಿ ಎಂದಿದ್ದರೆ ಅದಕ್ಕೆಂದೇ ಬರುವ ಅಡ್ಹೀಶನ್ ಪ್ರಮೋಟರ್ ಹಾಕದೆ ಯಾವ ಬಣ್ಣವೂ ನಿಲ್ಲದು, ಉಗುರಿನಲ್ಲಿ ಕೆರೆದರೆ ಸಿಪ್ಪೆಯಂತೆ ಬರುತ್ತದೆ. ಇಲ್ಲಿ ತಗಡಿನ ಮುಚ್ಚಳದ ಕೆಲಸವನ್ನೇ ಹೇಳುತ್ತೇನೆ.

ಮುಚ್ಚಳ ಕಳಚಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಉಜ್ಜುವ ಮೊದಲೇ ತೊಳೆಯಬೇಕು, ಇಲ್ಲವಾದರೆ ಎಮರಿ ಪೇಪರ್ ಆ ಜಿಡ್ಡನ್ನೇ ಗೀರುಗಳ ಒಳಗೆ ತುಂಬಿಬಿಡುತ್ತದೆ. ಸರ್ವಿಸ್ ಮಾಡಿಸಿದಾಗ ಹಚ್ಚಿದ ಸಿಲಿಕೋನ್ ಪಾಲಿಶ್ ಎಲ್ಲಕ್ಕಿಂತ ಕೆಟ್ಟದ್ದು. ಅದರ ಅಂಶ ಚೂರು ಉಳಿದರೂ ಬಣ್ಣ ಅಲ್ಲಿ ಕೂರದೆ ಸುತ್ತಲೂ ಸರಿದು, ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಸೋಪಿಗೆ ಜಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ.

ಇನ್ನು ತುಕ್ಕು. ವೈರ್ ಬ್ರಶ್ಶಿನಿಂದ ಸಡಿಲವಾದುದನ್ನೆಲ್ಲ ಕೆರೆದು, ಹೊಳೆಯುವ ಲೋಹ ಕಾಣುವವರೆಗೆ 180 ಅಥವಾ 220 ನಂಬರ್ ಪೇಪರಿನಿಂದ ಉಜ್ಜಿ. ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕು ಕೆಳಗಿನಿಂದಲೇ ಹರಡುತ್ತಾ ಬಂದು ಒಂದೇ ಮಳೆಗಾಲದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಇನ್ನೂ ಬೇಗ.

ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕಿಲ್ಲ. ಆದರೆ ಬಣ್ಣ ಎದ್ದು ಹೋದ ಜಾಗದ ಅಂಚನ್ನು ಇಳಿಜಾರು ಮಾಡಬೇಕು. ಈ ಕೆಲಸದ ಜೀವ ಇರುವುದು ಇಲ್ಲಿ. 320 ನಂಬರ್ ಪೇಪರನ್ನು ಸಣ್ಣ ರಬ್ಬರ್ ತುಂಡಿಗೆ ಸುತ್ತಿ ಅಂಚಿನಿಂದ ಹೊರಕ್ಕೆ ಉಜ್ಜುತ್ತಾ ಹೋದರೆ ಒಳಗಿನ ಪದರಗಳು ಒಂದೊಂದಾಗಿ ಬಳೆಯಾಕಾರದಲ್ಲಿ ಕಾಣಿಸಿಕೊಳ್ಳುತ್ತವೆ: ನಡುವೆ ಬೆಳ್ಳಗಿನ ಲೋಹ, ಅದರ ಸುತ್ತ ಪ್ರೈಮರ್, ಆಮೇಲೆ ಬಣ್ಣ. ಬಳೆಗಳು ಅಗಲವಾದಷ್ಟೂ ಒಳ್ಳೆಯದು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಬೆರಳಿಗೆ ಮೆಟ್ಟಿಲು ತಗುಲಿದರೆ ಇನ್ನೂ ಉಜ್ಜಬೇಕು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ, ಮತ್ತು ಬೆರಳಿಗೆ ಸಿಕ್ಕಿದ್ದೆಲ್ಲ ಹೊಳೆಯುವ ಬಣ್ಣ ಬಿದ್ದ ಮೇಲೆ ಕಣ್ಣಿಗೂ ಹೊಡೆಯುತ್ತದೆ. ಬಣ್ಣ ದೋಷವನ್ನು ಮುಚ್ಚುತ್ತದೆ ಎಂದು ನಂಬಿ ಈ ಹಂತದಲ್ಲಿ ಆತುರಪಡುವುದರಿಂದಲೇ ಮನೆಯ ಕೆಲಸ ಮನೆಯ ಕೆಲಸದ ಹಾಗೆ ಕಾಣುವುದು.

ಬರಿಯ ಲೋಹ ನೀರು, ತೇವ ತಗುಲಿದ ಸ್ವಲ್ಪ ಹೊತ್ತಿಗೇ ಮತ್ತೆ ಕಂದು ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ. ಆದ್ದರಿಂದ ಅವತ್ತೇ ಪ್ರೈಮರ್ ಹೊಡೆಯುವಂತೆ ಸಮಯ ನೋಡಿಕೊಂಡು ಕೂತುಕೊಳ್ಳಿ. ಲೋಹಕ್ಕೆ ಹೊಂದುವ ಬೂದು ಪ್ರೈಮರ್ ತೆಳುವಾಗಿ ಎರಡು ಮೂರು ಕೋಟ್ ಸಾಕು. ಆಮೇಲೆ ಕಾಣುವ ಸಣ್ಣ ಗೀರು, ಸೂಜಿ ತೂತುಗಳಿಗೆ ಪುಟ್ಟಿ ಎಳೆಯಿರಿ. ಟ್ಯೂಬಿನಲ್ಲಿ ಬರುವ ಪುಟ್ಟಿ ಒಣಗಿದಂತೆ ಕುಗ್ಗುತ್ತದೆ, ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಆಳವಾದ ನೆಗ್ಗು ಇದ್ದರೆ ಹಾರ್ಡ್ನರ್ ಬೆರೆಸುವ ಪುಟ್ಟಿ ಬೇಕು, ಅದನ್ನು ಪ್ರೈಮರಿಗೆ ಮೊದಲೇ ಉಜ್ಜಿದ ಲೋಹದ ಮೇಲೆ ಹಾಕಿಕೊಳ್ಳಬೇಕು.

ಮೇಲ್ಮೈ ಸಮವಾಗಿದೆಯೇ ಎಂದು ತಿಳಿಯಲು ಪೇಂಟರುಗಳು ಮಾಡುವ ಒಂದು ಉಪಾಯ ಇದೆ. ಒಣಗಿದ ಬೂದು ಪ್ರೈಮರಿನ ಮೇಲೆ ದೂರದಿಂದ ಕಪ್ಪು ಬಣ್ಣವನ್ನು ಧೂಳಿನಷ್ಟು ಮಾತ್ರ ಬೀಳಿಸಿ, 600 ನಂಬರ್ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಪ್ಪು ಉಳಿದ ಕಡೆ ಇನ್ನಷ್ಟು ಪ್ರೈಮರ್. ಒಂದು ಚುಕ್ಕೆಯೂ ಉಳಿಯದೆ ಉಜ್ಜಿ ಮುಗಿದಾಗ, ಕೆಳಗಿನ ಬೂದು ಹರಿಯದೆ ಹಾಗೇ ಇದ್ದರೆ, ನಿಮ್ಮ ಮುಚ್ಚಳ ಬಣ್ಣಕ್ಕೆ ತಯಾರು.

ಕ್ಯಾನನ್ನು ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷವಾದರೂ ಅಲ್ಲಾಡಿಸಿ. ತುಂಡಿನಿಂದ 20ರಿಂದ 25 ಸೆಂಟಿಮೀಟರ್ ದೂರ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ. ತೀರಾ ದೂರವಾದರೆ ಹನಿಗಳು ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತವೆ. ನಾಜಲ್ ಒತ್ತುವುದೂ ಬಿಡುವುದೂ ತುಂಡಿನ ಆಚೆಗೇ ಆಗಬೇಕು, ಯಾಕೆಂದರೆ ಶುರುವಿನಲ್ಲಿ ಬರುವ ದಪ್ಪ ಹನಿ ತುಂಡಿನ ಮೇಲೆ ಬೀಳಬಾರದು. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸರಿಸಿ, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಮೊದಲ ಕೋಟ್ ರಂಗೋಲಿಗೆ ಮುಂಚೆ ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ ಇರಲಿ, ಕೆಳಗಿನ ಬೂದು ಬಣ್ಣ ಕಾಣುತ್ತಲೇ ಇರಲಿ. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಅಷ್ಟೇ ಬಿಟ್ಟು ಮೂರನೆಯದು. ಎಲ್ಲೋ ಒಂದು ಕಡೆ ಇಳಿದರೆ ಬೆರಳಿನಿಂದ ಒರೆಸಲು ಹೋಗಬೇಡಿ. ಪೂರ್ತಿ ಗಟ್ಟಿಯಾಗಲು ಬಿಟ್ಟು, 600ರ ಪೇಪರಿನಿಂದ ಆ ಗೆರೆಯನ್ನಷ್ಟೇ ಉಜ್ಜಿ ಮೇಲೆ ಇನ್ನೊಂದು ಕೋಟ್ ಕೊಟ್ಟರೆ ಆಯಿತು.

ಹವೆಯ ಮಾತು ಹೇಳಲೇಬೇಕು. ಬಣ್ಣದಲ್ಲಿರುವ ಥಿನ್ನರ್ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲೇ ಇಬ್ಬನಿಯಾಗಿ ಕೂತು, ಹೊಳಪು ಹೋಗಿ ಹಾಲಿನ ಪೊರೆ ಬಂದಂತಾಗುತ್ತದೆ. ಆದ್ದರಿಂದ ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ಬೇರೆ, ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಚಳಿಗಾಲದಲ್ಲಿ, ಇಬ್ಬನಿ ಆರಿ ಗಾಳಿ ಏಳುವ ಮುಂಚಿನ ಬೆಳಗು ಎಲ್ಲ ಕಡೆಗೂ ಒಳ್ಳೆಯದು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಜಾಗ ತೆರೆದದ್ದೇ ಆಗಬೇಕು. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ಹೋಗುತ್ತದೆ. ದೇವರ ಮನೆಯ ದೀಪ, ಗ್ಯಾಸ್ ಒಲೆ, ಯುಪಿಎಸ್ ಇರುವ ಮೂಲೆಗಳ ಹತ್ತಿರ ಬೇಡವೇ ಬೇಡ. ಬಟ್ಟೆಯ ಮಾಸ್ಕ್ ಹಾಗಿರಲಿ, ಎನ್95 ಕೂಡ ಧೂಳು, ಹನಿಗಳನ್ನು ತಡೆದೀತೇ ಹೊರತು ಆವಿಯನ್ನಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಹಾರ್ಡ್ನರ್ ಸೇರುವ ಟೂಕೆ ಕ್ಲಿಯರ್ ಕೋಟ್ ಪೆಟ್ರೋಲಿಗೂ ಜಗ್ಗದಷ್ಟು ಗಟ್ಟಿ ನಿಜ, ಆದರೆ ಅದರಲ್ಲಿರುವ ಐಸೊಸಯನೇಟ್ ಉಸಿರಿಗೆ ಹೋದರೆ ಶಾಶ್ವತ ಆಸ್ತಮಾ ತರಬಲ್ಲದು. ಕಲಿಯುವವರು ಮನೆಯಲ್ಲಿ ಅದನ್ನು ತೆರೆಯಲೇಬಾರದು ಎಂಬುದು ನನ್ನ ಖಡಾಖಂಡಿತ ಮಾತು.

ಸೈಡ್ ಬಾಕ್ಸಿಗೆ ಸಾಮಾನ್ಯ ಕ್ಲಿಯರ್ ಸಾಕು, ಅದು ಕೂಡ ತೆಳುವಾಗಿ ಎರಡು ಮೂರು ಸಲ. ಬಣ್ಣ, ಕ್ಲಿಯರ್ ಎರಡೂ ಒಂದೇ ಕಂಪನಿಯವು, ಒಂದೇ ಬಗೆಯವು ಆಗಿರಲಿ. ಎನಾಮಲ್ ಮೇಲೆ ಲ್ಯಾಕ್ವರ್ ಬಿದ್ದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಅರ್ಧ ಗಂಟೆಗೆ ಮುಟ್ಟಬಹುದು ಅನಿಸಿದರೂ ಒಳಗೆ ಇನ್ನೂ ಹಸಿಯಿರುತ್ತದೆ. ಒಂದು ವಾರ ನೆರಳಿನಲ್ಲಿ ತೂಗುಹಾಕಿ, ಆಮೇಲೆ 2000 ನಂಬರ್ ಪೇಪರಿನಿಂದ ನೀರು ಹಾಕಿ ಹಗುರವಾಗಿ ಸವರಿ, ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತನ್ನಿ. ಬೋಲ್ಟ್ ಕೂರುವಲ್ಲಿ ರಬ್ಬರ್ ವಾಷರ್ ಇಟ್ಟು ಬಿಗಿ ಮಾಡಿ, ಇಲ್ಲವಾದರೆ ಗಾಡಿಯ ನಡುಕಕ್ಕೆ ಹೊಸ ಬಣ್ಣ ಅಲ್ಲಿಂದಲೇ ಒಡೆಯುತ್ತದೆ.

ಮುಂದೆ ಟ್ಯಾಂಕಿನ ಆಸೆ ಬಂದಾಗಲೂ ಪೂರ್ತಿ ಕೆಲಸ ಹೊರಗೆ ಕೊಡಬೇಕಿಲ್ಲ. ಪೆಟ್ರೋಲ್ ಖಾಲಿ ಮಾಡಿ, ಒಳಗಿನ ಆವಿ ಹೋಗುವಂತೆ ತೊಳೆದು ಒಣಗಿಸಿ, ತುಕ್ಕು ತೆಗೆದು ಅಂಚುಗಳನ್ನು ಇಳಿಜಾರು ಮಾಡುವವರೆಗಿನದನ್ನು ಕೈಯಿಂದಲೇ ಮುಗಿಸಬಹುದು. ಯಾವ ಪ್ರೈಮರ್ ಹಾಕಬೇಕೆಂದು ಪೇಂಟ್ ಬೂತ್ ಇರುವವರನ್ನು ಮೊದಲೇ ಕೇಳಿಕೊಂಡು, ಟೂಕೆ ಹೊಡೆಸುವುದಕ್ಕಷ್ಟೇ ಅವರ ಕೈಗೆ ಕೊಡಿ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಿಕೊಳ್ಳಬೇಕು.