ಬರಹ ಅಳಿದಿರಲಿಲ್ಲ, ದುಭಾಷಿ ಇರಲಿಲ್ಲ

ಹೊಸೂರಿನಿಂದ ದೇಂಕಣಿಕೋಟೆ ದಾಟಿ ಕಾಡಿನ ದಾರಿ ಹಿಡಿದರೆ ಅಂಚೆಟ್ಟಿ ಸಿಗುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಊರಿನ ಸುತ್ತಮುತ್ತ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರಿನ ಭಾಗ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಗಡಿಯಾಚೆಯ ಕನ್ನಡಿಗರೆಂಬ ಈ ನೆಂಟಸ್ತಿಕೆಯಿಂದಲೇ ನಾವು ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದದ್ದು.

ಅಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರನ್ನು ಕಂಡೆವು. ಆ ಭಾಗದ ಹೆಂಗಸರು ಹಾಡುವ ಸೋಬಾನೆ, ಬೀಸುವ ಹಾಡು, ಗಾದೆ, ಒಗಟುಗಳನ್ನು ವರ್ಷಗಟ್ಟಲೆ ಕೇಳಿ ಬರೆದುಕೊಂಡು, ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟವರು. ಹಾಡಿದವರಲ್ಲಿ ಹಲವರು ಈಗಿಲ್ಲ. ನಾವು ಹೋದಾಗ ಅವರ ಮುಖ ಬಾಡಿತ್ತು.

"ಎಲ್ಲಾ ಹೋಯ್ತು ಸಾರ್. ಡಿಸ್ಕು ಸತ್ತಿದೆ, ಫಾರ್ಮ್ಯಾಟ್ ಮಾಡಬೇಕು ಅಂತ ಅಂಗಡಿಯವರು ಹೇಳಿದ್ರು."

"ಮೇಷ್ಟ್ರೇ, ಮಾಡಿಸಿಲ್ಲ ತಾನೇ?"

"ಇಲ್ಲ. ಮನಸ್ಸು ಬರಲಿಲ್ಲ."

ಆ ಮನಸ್ಸೇ ಹಾಡುಗಳನ್ನು ಉಳಿಸಿತು. ಹೇಗೆಂಬುದನ್ನು ತಿಳಿಯಬೇಕಾದರೆ ಗಣಕಯಂತ್ರದ ಒಳಗಿನ ವ್ಯವಹಾರವನ್ನು ಸ್ವಲ್ಪ ನೋಡಬೇಕು.

ನಾವು ಒಂದು ಕಡತವನ್ನು ತೆರೆಯಿರಿ ಎಂದಾಗ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಂ, ತಾನೇ ಡಿಸ್ಕಿಗೆ ಕೈ ಹಾಕುವುದಿಲ್ಲ. ಆ ಕಡತ ಡಿಸ್ಕಿನ ಎಷ್ಟನೆಯ ಖಾನೆಯಲ್ಲಿದೆ ಎಂದಷ್ಟೇ ಲೆಕ್ಕ ಹಾಕುತ್ತದೆ. ಡಿಸ್ಕಿನ ಬಾಗಿಲಲ್ಲಿ ಕುಳಿತಿರುವುದು ಕಂಟ್ರೋಲರ್ ಎಂಬ ಯಂತ್ರಾಂಶ. ಅದಕ್ಕೆ ತನ್ನದೇ ಭಾಷೆಯಿದೆ. ಆ ಭಾಷೆ ಬಲ್ಲ ದುಭಾಷಿಯೇ ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಕನ್ನಡದಲ್ಲಿ ಅರ್ಜಿ ಬರೆದು ಬೇರೆ ಭಾಷೆಯ ಕಚೇರಿಯ ಮುಂದೆ ನಿಂತು ಗೊತ್ತಿರುವ ನಮ್ಮ ಓದುಗರಿಗೆ ದುಭಾಷಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಡ್ರೈವರ್ ಮಾಡುವುದಿಷ್ಟು: ಯಾವ ಖಾನೆಯಿಂದ ಎಷ್ಟು ಓದಬೇಕು, ಓದಿದ್ದನ್ನು ಯಂತ್ರದ ನೆನಪಿನ ಯಾವ ಜಾಗದಲ್ಲಿ ಇಡಬೇಕು ಎಂದು ಒಂದು ಚೀಟಿ ಬರೆದು ಗೊತ್ತಾದ ಜಾಗದಲ್ಲಿಟ್ಟು ಕಂಟ್ರೋಲರಿಗೆ ಸೂಚನೆ ಕೊಡುತ್ತದೆ. ಕಂಟ್ರೋಲರ್ ತಾನೇ ಮಾಹಿತಿಯನ್ನು ತಂದು ಅಲ್ಲಿ ಹಾಕಿ, 'ಕೆಲಸ ಮುಗಿಯಿತು' ಎಂದು ಕರೆಗಂಟೆ ಬಾರಿಸುತ್ತದೆ. ಡ್ರೈವರ್ ಬಂದು ಸರಿಯಾಗಿದೆಯೇ ಎಂದು ನೋಡುತ್ತದೆ. ನಿಗದಿಯಾದ ಹೊತ್ತಿನೊಳಗೆ ಗಂಟೆ ಕೇಳದಿದ್ದರೆ ಕಂಟ್ರೋಲರನ್ನು ಎಚ್ಚರಿಸಿ ಮತ್ತೆ ಪ್ರಯತ್ನಿಸುತ್ತದೆ.

ಒಂದು ಕಾಲದಲ್ಲಿ ಕಂಟ್ರೋಲರಿಗೊಂದು ಭಾಷೆ, ಅದಕ್ಕೊಂದು ಡ್ರೈವರ್ ಎಂಬ ಗೊಂದಲವಿತ್ತು. 2004ರಲ್ಲಿ ಎಎಚ್‌ಸಿಐ ಎಂಬ ಸಾಮಾನ್ಯ ಒಪ್ಪಂದ ಬಂದಿತು. ಅದರಲ್ಲಿ ಒಂದು ಡಿಸ್ಕಿಗೆ ಒಮ್ಮೆಗೆ 32 ಚೀಟಿಗಳನ್ನು ಸಾಲಾಗಿಡಬಹುದು. ವೇಗದ ಹೊಸ ಡಿಸ್ಕುಗಳಿಗೆ ಅದು ಸಾಲದೆ 2011ರಲ್ಲಿ ಎನ್‌ವಿಎಂಇ ಬಂದಿತು. ಅದರಲ್ಲಿ ಸಾಲುಗಳೇ 65 ಸಾವಿರದವರೆಗೆ ಇರಬಹುದು.

ಈಗ ಮೇಷ್ಟ್ರ ಯಂತ್ರಕ್ಕೆ ಬರೋಣ. ಗುಂಡಿ ಒತ್ತಿದೊಡನೆ ವಿಂಡೋಸಿನ ಗುರುತು ಮೂಡಿ, ಮರುಕ್ಷಣ ನೀಲಿ ತೆರೆ ಬರುತ್ತಿತ್ತು. ಡಿಸ್ಕು ಪೂರ್ತಿ ಸತ್ತಿದ್ದರೆ ಆ ಗುರುತಾದರೂ ಹೇಗೆ ಬಂದೀತು? ನಮ್ಮ ಜತೆಗಿದ್ದ ತರುಣರೊಬ್ಬರಿಗೆ ಈ ಸಂಶಯ ಹುಟ್ಟಿತು. ಯಂತ್ರದ ಗಡಿಯಾರ ಬಹಳ ಹಿಂದಿನ ಒಂದು ತಾರೀಕನ್ನು ತೋರಿಸುತ್ತಿರುವುದನ್ನು ಅವರು ಗಮನಿಸಿದರು. ಒಳಗಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸಣ್ಣ ಬ್ಯಾಟರಿ ಮುಗಿದಿತ್ತು. ಅದು ಮುಗಿದಾಗ ಯಂತ್ರದ ಮೂಲ ಹೊಂದಾಣಿಕೆಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿದ್ದವು. ಕಂಟ್ರೋಲರ್ ಎಎಚ್‌ಸಿಐ ಬಿಟ್ಟು ರೇಡ್ ಎಂಬ ಇನ್ನೊಂದು ವೇಷ ತೊಟ್ಟಿತ್ತು. ಮೊದಲ ಭಾಗವನ್ನು ಯಂತ್ರದ ಹುಟ್ಟು ತಂತ್ರಾಂಶವೇ ಓದಿಕೊಡುವುದರಿಂದ ಗುರುತು ಮೂಡುತ್ತಿತ್ತು. ಆಮೇಲೆ ವಿಂಡೋಸ್ ತನ್ನ ಡ್ರೈವರನ್ನೇ ನಂಬಬೇಕು. ಆ ಡ್ರೈವರಿಗೆ ಹೊಸ ವೇಷದ ಪರಿಚಯವಿಲ್ಲ. ಬಾಗಿಲಲ್ಲಿ ಮಾತು ನಿಂತಿತು. ಒಳಗಿನ ಹಾಡುಗಳಿಗೆ ಏನೂ ಆಗಿರಲಿಲ್ಲ.

ಪೇಟೆಯಿಂದ ಹೊಸ ಬ್ಯಾಟರಿ ತರಿಸಿ, ಹೊಂದಾಣಿಕೆಯನ್ನು ಮತ್ತೆ ಎಎಚ್‌ಸಿಐಗೆ ಬದಲಿಸಿದ್ದೇ ಸರಿ, ಯಂತ್ರ ತೆರೆಯಿತು. ಮೇಷ್ಟ್ರು ಮೊದಲ ಕಡತವನ್ನು ತೆರೆದು ಒಂದು ಸೋಬಾನೆಯನ್ನು ಮೆಲ್ಲಗೆ ಓದಿದರು. ಓದುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಅಂಗಡಿಯ ಮಾತು ಕೇಳಿ ಫಾರ್ಮ್ಯಾಟ್ ಮಾಡಿಸಿದ್ದರೆ? ಆ ಪ್ರಶ್ನೆಯನ್ನು ನಾವಾರೂ ಬಾಯಿಬಿಟ್ಟು ಕೇಳಲಿಲ್ಲ.

ಇನ್ನೊಂದು ಮಾತು. ಬರೆದದ್ದನ್ನು ಡಿಸ್ಕು ಕೂಡಲೇ ಶಾಶ್ವತವಾಗಿ ಇಡುತ್ತದೆಂದು ತಿಳಿಯಬಾರದು. ವೇಗಕ್ಕಾಗಿ ಸ್ವಲ್ಪ ಹೊತ್ತು ತಾತ್ಕಾಲಿಕ ನೆನಪಿನಲ್ಲಿಟ್ಟುಕೊಳ್ಳುತ್ತದೆ. 'ಇರುವುದೆಲ್ಲವನ್ನೂ ಬರೆದು ಮುಗಿಸು' ಎಂಬ ಆಜ್ಞೆಯನ್ನು ಡ್ರೈವರ್ ಕೊಡಬೇಕು. ಅಷ್ಟರೊಳಗೆ ಕರೆಂಟು ಹೋದರೆ ಕೊನೆಯ ಪುಟಗಳು ಹೋದಂತೆಯೇ. ಕ್ರಮಪ್ರಕಾರ ಯಂತ್ರವನ್ನು ಮುಚ್ಚಬೇಕು, ಪೆನ್‌ಡ್ರೈವನ್ನು ಹೇಳದೆ ಕೀಳಬಾರದು ಎನ್ನುವುದು ಇದಕ್ಕಾಗಿ.

ಡಿಸ್ಕುಗಳು ನಿಜವಾಗಿಯೂ ಸಾಯುವುದುಂಟು; ಆಗ ಯಾವ ಡ್ರೈವರೂ ಕಾಯಲಾರದು. ಆದುದರಿಂದ ಬೆಲೆಯುಳ್ಳ ಬರಹದ ಪ್ರತಿ ಇನ್ನೊಂದು ಕಡೆ ಇರಲೇಬೇಕು. ಅಂದು ಸಂಜೆ ಹೊರಡುವ ಮೊದಲು ಮೇಷ್ಟ್ರ ಹಾಡುಗಳನ್ನೆಲ್ಲ ಎರಡು ಪ್ರತಿ ಮಾಡಿದೆವು. ಒಂದು ಅವರ ಮಗಳ ಮನೆಗೆ ಹೋಯಿತು. ಇನ್ನೊಂದನ್ನು ಅವರೇ ನಮ್ಮ ಕೈಗಿತ್ತು, "ಕಾಸರಗೋಡಿನಲ್ಲಿರಲಿ ಸಾರ್, ನಮ್ಮವರ ಮನೇಲಿ ಇದ್ದಹಾಗೆ" ಎಂದರು.