ನಿಮಗಿದು ಗೊತ್ತೆ? ಬಳ್ಳಾರಿ ರಸ್ತೆಯ ಡೇನಿಶ್ ಡಾಕ್ಟರು

ಬೆಂಗಳೂರಿನಿಂದ ಹೆಬ್ಬಾಳದತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಉದ್ಘಾಟಿಸಿದ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳ ನೆರವಿತ್ತು. ಇದನ್ನು ರೂಪಿಸಿದವರಲ್ಲಿ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಹ್ಲರ್ ಒಬ್ಬರು. 1951ರಿಂದ ಸುಮಾರು ಹತ್ತು ವರ್ಷ ಅವರು ಭಾರತದಲ್ಲೇ ದುಡಿದರು.

ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ ಅಚ್ಚರಿ ಕಾದಿತ್ತು. ಹಳ್ಳಿಗರು ಕೆಮ್ಮನ್ನು ಲೆಕ್ಕಿಸುವುದಿಲ್ಲ ಎಂಬುದು ಪಟ್ಟಣದವರ ನಂಬಿಕೆ. ಆದರೆ ಕ್ಷಯರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿಬಂದಿದ್ದರು; ಅವರ ಕೈಗೆ ಸಿಕ್ಕಿದ್ದು ಬರೀ ಕೆಮ್ಮಿನ ಔಷಧಿ! ತಪ್ಪು ಯಾರದೆಂದು ಬೇರೆ ಹೇಳಬೇಕೆ? ಕಾಯಿಲೆ ಹುಡುಕಲು ದುಬಾರಿ ಯಂತ್ರ ಹೊತ್ತು ಊರೂರು ಅಲೆಯಬೇಕಿಲ್ಲ, ಕೆಮ್ಮುತ್ತಾ ಬಂದವರ ಕಫವನ್ನು ಮಾಮೂಲಿ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಮನೆಯಲ್ಲೇ ಚಿಕಿತ್ಸೆ ಕೊಡಬಹುದು ಎಂಬ ಜಿಲ್ಲಾ ಮಾದರಿ ಹುಟ್ಟಿತು. 1962ರಲ್ಲಿ ಅದೇ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಬುನಾದಿಯಾಯಿತು.

ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಪ್ರಾಥಮಿಕ ಆರೋಗ್ಯ ಸೇವೆಗೆ ಜಗತ್ತಿನ ದೇಶಗಳನ್ನು ಒಪ್ಪಿಸಿದ 1978ರ ಅಲ್ಮಾ ಅಟಾ ಸಮ್ಮೇಳನ, ‘2000ಕ್ಕೆ ಎಲ್ಲರಿಗೂ ಆರೋಗ್ಯ’ ಎಂಬ ಗುರಿ ಎರಡೂ ಅವರ ಕಾಲದವೇ. ಸಿಡುಬು ಜಗತ್ತಿನಿಂದ ತೊಲಗಿದ್ದೂ ಆಗಲೇ.